ಹೊಂಡದ ನೀರಿಗೆ ಬಣ್ಣ ಬಂದದ್ದು

ನೀರಿಗೆ ನಾನು ಬಣ್ಣ ಹಚ್ಚಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಈಗ ಎಲ್ಲರೂ ಆ ಪಿಕ್ಚರಿನ ನೀರನ್ನು ಬಾಯಿ ತುಂಬ ಹೊಗಳುತ್ತಾರೆ, ಹೊಗಳಿಕೆಯ ಬಾಲಕ್ಕೆ ನನ್ನ ಹೆಸರನ್ನೂ ಕಟ್ಟುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಾನು ಮಹಾನಂದಾ. ಸವದತ್ತಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಚಿತ್ರಕಲೆ ಕಲಿಸಿದೆ. ಈಗ ನಿವೃತ್ತಿಯಾಗಿ ಬೈಲಹೊಂಗಲದಲ್ಲಿದ್ದೇನೆ. ಸಂತೆಗೆ ಹೋದರೆ ಯಾರಾದರೊಬ್ಬರು "ಅಕ್ಕೋರ, ಆರಾಮ ಅದೀರೇನ್ರಿ?" ಎಂದು ನಿಲ್ಲಿಸುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿಯ ಕಿವಿಯನ್ನು ನಾನು ಹಿಂಡಿದ್ದೇನೆ, ಉಳಿದರ್ಧ ಮಂದಿಯದು ಕೈತಪ್ಪಿ ಹೋಗಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂಬುದು ಊರಿಗೆಲ್ಲ ಗೊತ್ತು. ಆದರೆ ಆ ಸಿಟ್ಟು ನಿಜವಾಗಿ ಬೇಕಾಗಿದ್ದ ಒಂದೇ ಒಂದು ದಿನ ಅದು ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಹನ್ನೊಂದು ವರ್ಷದ ಹಿಂದೆ ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ಬೀರವ್ವ ಎಂಬ ಹುಡುಗಿ ಇದ್ದಳು. ಆನೆಗೆ ಐದು ಕಾಲು ಬರೆಯುತ್ತಿದ್ದಳು. ಇದೇನೇ ಎಂದು ಕೇಳಿದರೆ, "ಒಂದು ಬಾಲರಿ, ದಪ್ಪ ಆಗೈತಿ" ಎನ್ನುತ್ತಿದ್ದಳು. ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಮನೆಗೆ ಹೋಗುವ ದಾರಿಯಲ್ಲಿ, ಕೈಗೆ ಹತ್ತಿದ ಬಣ್ಣ ತೊಳೆದುಕೊಳ್ಳಲು ಒಂದು ಕೃಷಿಹೊಂಡಕ್ಕೆ ಇಳಿದಳು. ಆ ದಿನ ಕೊನೆಯ ತಾಸು ನನ್ನದಾಗಿತ್ತು. ಬಣ್ಣವೂ ನಾನು ಕೊಟ್ಟದ್ದೇ.

ಹೊಲದಲ್ಲಿ ಮಳೆನೀರು ಹಿಡಿಯಲು ತೋಡುವ ಈ ಹೊಂಡಗಳನ್ನು ನೀವು ನೋಡಿರಬಹುದು. ಚೌಕ ಗುಂಡಿ, ಎರಡಾಳು ಆಳ, ನೀರು ಇಂಗಿ ಹೋಗದಂತೆ ನಾಲ್ಕೂ ಬದಿಗೆ ಹಾಸಿದ ಕರಿ ಪ್ಲಾಸ್ಟಿಕ್ ಹಾಳೆ. ಇಳಿಜಾರಿನ ಆ ಹಾಳೆಗೆ ಪಾಚಿ ಹಿಡಿದ ಮೇಲೆ ಇಳಿದವರು ಹತ್ತಿ ಬರುವುದಿಲ್ಲ. ಈಜು ಬರುವವರೂ ಹತ್ತಿ ಬರುವುದಿಲ್ಲ, ಯಾಕೆಂದರೆ ಹಿಡಿಯಲು ಅಲ್ಲಿ ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ನಾನು ಹೋಗುವಷ್ಟರಲ್ಲಿ ಬೀರವ್ವನನ್ನು ಮೇಲೆ ತೆಗೆದಿದ್ದರು. ನೀರಿಗಿಂತ ಒಂದು ಗೇಣು ಮೇಲೆ, ಪಾಚಿಯಲ್ಲಿ, ಸಣ್ಣ ಬೆರಳುಗಳ ಗೆರೆಗಳಿದ್ದವು. ನಾಲ್ಕು ನಾಲ್ಕು ಗೆರೆ, ಒಂದರ ಪಕ್ಕ ಒಂದು, ಎಲ್ಲವೂ ಕೆಳಮುಖವಾಗಿ. ಅವನ್ನು ನಾನು ಎಣಿಸಲಿಲ್ಲ, ಎಣಿಸುವ ಧೈರ್ಯ ಬರಲಿಲ್ಲ.

ಅದಾದ ಮೇಲೆ ಮೂರು ವರ್ಷ ನಾನು ಆ ಗೆರೆಗಳನ್ನೇ ಬರೆದೆ. ಬಡಿಗೇರರಿಂದ ಒಂದು ಮೇಜು ಮಾಡಿಸಿ, ಅದಕ್ಕೆ ಗಾಜು ಕೂಡಿಸಿ, ಕೆಳಗೊಂದು ಬಲ್ಬು ಹಚ್ಚಿ, ಹಾಳೆ ಸರಿಯದಂತೆ ಎರಡು ಮೊಳೆ ಬಡಿಸಿದೆ. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ. ಹನ್ನೊಂದು ನಿಮಿಷದ ಪಿಕ್ಚರಿಗೆ ಎಂಟು ಸಾವಿರಕ್ಕೆ ಎಂಬತ್ತು ಕಡಿಮೆ. ಕಥೆ ಇಷ್ಟೇ: ಹೊಂಡದ ದಂಡೆಗೆ ಒಬ್ಬ ಹುಡುಗಿ ಬರುತ್ತಾಳೆ. ಅಲ್ಲೊಂದು ಕಪ್ಪೆ ಇದೆ. ಇಳೀಬ್ಯಾಡ, ಇಳೀಬ್ಯಾಡ ಎಂದು ಅದು ಒದರುತ್ತದೆ. ಹುಡುಗಿ ಒಂದು ಕಾಲಿಡುತ್ತಾಳೆ, ಜಾರುತ್ತಾಳೆ, ದಂಡೆಯ ಬೇಲಿಯ ಕಂಟಿ ಕೈಗೆ ಸಿಕ್ಕು ಉಳಿಯುತ್ತಾಳೆ. ಕಪ್ಪೆಗೆ ಅವಳನ್ನು ಎತ್ತಲು ಆಗುವುದಿಲ್ಲ. ಅದಕ್ಕೆ ಒದರುವುದಷ್ಟೇ ಸಾಧ್ಯ.

ಹುಡುಗಿಗೆ ಕೆಂಪು ಲಂಗ ಹಾಕಿದೆ, ಕಪ್ಪೆಗೆ ಹಸಿರು ಹಚ್ಚಿದೆ. ನೀರನ್ನು ಮಾತ್ರ ಬರಿ ಪೆನ್ಸಿಲ್ಲಿನಲ್ಲಿ ಬಿಟ್ಟೆ. ಬೇರೆಯವರು ಇಂಥ ಕಡೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಳಸಿ ಕೆಲಸ ಉಳಿಸುತ್ತಾರೆ. ನಾನು ಪ್ರತಿ ಹಾಳೆಗೂ ನೀರನ್ನು ಹೊಸದಾಗಿ ಬರೆದೆ. ಮನುಷ್ಯರ ಕೈ ಎರಡು ಸಲ ಒಂದೇ ಗೆರೆ ಬರೆಯುವುದಿಲ್ಲವಾದ್ದರಿಂದ ಆ ನೀರು ಒಂದು ಕ್ಷಣವೂ ಸುಮ್ಮನಿರಲಿಲ್ಲ, ಸಣ್ಣಗೆ ನಡುಗುತ್ತಲೇ ಇತ್ತು. ಹಳ್ಳಿಗಳಲ್ಲಿ ಬಿಳಿ ಧೋತರ ಕಟ್ಟಿ ಪಿಕ್ಚರ್ ತೋರಿಸಿದಾಗ, ಹುಡುಗಿ ಕಾಲಿಡುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಕುಂತಲ್ಲೇ ಹಿಂದೆ ಸರಿಯುತ್ತಿದ್ದರು. ಒಬ್ಬಿಬ್ಬರು ಅಳುತ್ತಿದ್ದರು. ತಾಯಂದಿರು ನನ್ನನ್ನು ಬೈದರು. ಬೈಯಲಿ, ಮಕ್ಕಳು ಹಿಂದೆ ಸರಿದರಲ್ಲ ಎಂದು ನಾನು ಸಮಾಧಾನದಿಂದ ಮನೆಗೆ ಬರುತ್ತಿದ್ದೆ.

ಏಳು ವರ್ಷ ಹೀಗೆ ನಡೆಯಿತು. ಹೋದ ವರ್ಷ ಗೌತಮ ಬಂದ. ನನ್ನ ಶಿಷ್ಯನೇ, ಡ್ರಾಯಿಂಗ್ ಪರೀಕ್ಷೆಗೆ ನಾನೇ ಕೂಡಿಸಿದ್ದೆ. ಈಗ ಹುಬ್ಬಳ್ಳಿಯಲ್ಲಿ ಸ್ವಂತ ಕಂಪನಿ, ಇಪ್ಪತ್ತು ಮಂದಿ ಕಂಪ್ಯೂಟರಿನಲ್ಲಿ ಕಾರ್ಟೂನ್ ಪಿಕ್ಚರ್ ಮಾಡುತ್ತಾರೆ. ಕಾಲಿಗೆ ಬಿದ್ದು, ಚಹಾ ಕುಡಿದು, ನಿಧಾನವಾಗಿ ವಿಷಯಕ್ಕೆ ಬಂದ.

"ಅಕ್ಕೋರ, ನಿಮ್ಮ ಪಿಕ್ಚರ್ ನಮ್ಮ ಅಕ್ಕನ ಮಕ್ಕಳಿಗೆ ಹಚ್ಚಿದ್ದೆ. ನಡುವs ಎದ್ದು ಹೋದ್ರು."

"ಅಂಜಿದ್ರೇನು?"

"ಇಲ್ಲರಿ. ಗೆರಿ ಅಲುಗಾಡತಾವ ಅಂದ್ರು. ಈಗಿನ ಹುಡುಗೂರು ಇಂಥಾದು ನೋಡಂಗಿಲ್ಲರಿ. ಇದನ್ನs ನಾವು ಕಂಪ್ಯೂಟರಿನಾಗ ದೊಡ್ಡದು ಮಾಡೋಣು. ಮನಿ ಮಂದಿಯೆಲ್ಲ ಕೂಡಿ ನೋಡಬೇಕು, ಅಂಥಾದ್ದು. ಹೆಸರು ನಿಮ್ಮದs ಮೊದಲ ಬರತೈತಿ."

ಮನೆಮಂದಿಯೆಲ್ಲ ಕೂಡಿ ನೋಡುವಂಥದ್ದು ಎಂದರೆ ಇನ್ನೂ ಎಷ್ಟು ಮಕ್ಕಳು ನೋಡಬಹುದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಪ್ಪಿದೆ. ಅಷ್ಟೇ ಅಲ್ಲ, ನೋಡಿ ಬರೆಯಲು ಒಂದು ನಿಜವಾದ ಹೊಂಡ ಬೇಕೆಂದು ಅವನು ಕೇಳಿದಾಗ, ಸಾಲಹಳ್ಳಿಯ ಹೊಂಡವನ್ನು ತೋರಿಸಿದವಳೂ ನಾನೇ.

ಸಾಲಹಳ್ಳಿಗೆ ನನ್ನ ತಂಗಿಯ ಮಗಳು ಮಧುವನ್ನು ಕೊಟ್ಟಿದ್ದೇವೆ. ಅವಳ ಮಾವ ನಿಜಗುಣಪ್ಪನವರದು ಊರ ಹೊರಗೆ ತೋಟದ ಮನೆ. ಸುತ್ತ ಅಂಥದೇ ನಾಲ್ಕೈದು ತೋಟದ ಮನೆಗಳು, ಮನೆಗೊಂದು ಹೊಂಡ. ಮಧುವಿನ ಮಗಳು ಐಶ್ವರ್ಯಾಗೆ ಆರು ವರ್ಷ. ನನಗೆ ಮಕ್ಕಳಿಲ್ಲ. ಆ ಹುಡುಗಿ "ಆಯಿ" ಎಂದು ಕರೆದರೆ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತದೆ. ಅವಳು ಹುಟ್ಟಿದ ವಾರದಲ್ಲೇ ನಾನು ನಿಜಗುಣಪ್ಪನವರ ಬೆನ್ನು ಹತ್ತಿ ಅವರ ಹೊಂಡದ ಸುತ್ತ ಎದೆಮಟ್ಟ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದೆ.

ಗೌತಮನ ಮಂದಿ ಸಾಲಹಳ್ಳಿಗೆ ಹೋದ ದಿನ ನಿಜಗುಣಪ್ಪನವರ ಫೋನು ಬಂತು. ದನಿಯಲ್ಲಿ ಮದುವೆ ಮನೆಯ ಗಡಿಬಿಡಿ ಇತ್ತು.

"ಅಕ್ಕೋರ, ನಿಮ್ಮ ಮಂದಿ ಬಂದಾರ. ಡ್ರೋನ್ ಹಾರಿಸಾಕ ಹತ್ತ್ಯಾರ. ಮುಳ್ಳಿದ್ರ ಕಂಪ್ಯೂಟರಿಗೆ ದಂಡಿ ಎಲ್ಲೈತಿ ಅಂತ ತಿಳಿಯಂಗಿಲ್ಲಂತ. ನಾನs ಮುಂದ ನಿಂತು ಬೇಲಿ ತೆಗಿಸೇನಿ. ನೀರು ಕಡಿಮಿ ಇತ್ತರಿ, ಬೋರ್ ಹಚ್ಚಿ ದಂಡಿತನಕ ತುಂಬಿಸೇನಿ. ಖಾಲಿ ಹೊಂಡ ಪಿಕ್ಚರಿನಾಗ ಬಂದ್ರ ಮಂದಿ ಏನಂದಾರು? ನಿಮ್ಮ ಮರ್ಯಾದಿನೂ ಐತಲ್ರಿ."

"ಅವರು ಹೋದ ಮ್ಯಾಲ ಬೇಲಿ ಮತ್ತ ಹಾಕ್ರಿ ಬೀಗರ."

"ಹಾಕೂಣ್ರಿ, ಅದೇನ ದೊಡ್ಡ ಮಾತು?"

ನಾನು ಫೋನು ಇಟ್ಟು ಅಡಿಗೆಮನೆಗೆ ಹೋದೆ. ಆಮೇಲೆ ಆ ಬೇಲಿಯನ್ನು ಕೇಳಲೂ ಇಲ್ಲ, ಹೋಗಿ ನೋಡಲೂ ಇಲ್ಲ.

ಪಿಕ್ಚರ್ ಮುಗಿದ ಮೇಲೆ ಗೌತಮ ನನ್ನನ್ನು ಹುಬ್ಬಳ್ಳಿಗೆ ಕರೆಸಿದ. ಒಂದು ತಂಪು ಕೋಣೆ, ಗೋಡೆ ತುಂಬ ಪರದೆ. ಮೊದಲು ನನ್ನ ಹೆಸರು ಬಂತು, ಆಳುದ್ದ ಅಕ್ಷರದಲ್ಲಿ. ಆಮೇಲೆ ನೀರು ಬಂತು.

ಸುಳ್ಳು ಯಾಕೆ ಹೇಳಲಿ, ಅಂಥ ನೀರನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ತಳದ ತನಕ ತಿಳಿ ನೀಲಿ. ಮೇಲೆ ಬಿಸಿಲು ಒಡೆದು ಚೂರಾಗಿ ಆಡುತ್ತಿತ್ತು. ಕರಿ ಪ್ಲಾಸ್ಟಿಕ್ಕು ರೇಶಿಮೆಯಂತೆ ಹೊಳೆಯುತ್ತಿತ್ತು. ಕೆಂಪು ಲಂಗದ ಹುಡುಗಿ ದಂಡೆಯಲ್ಲಿ ಚಪ್ಪಲಿ ಬಿಟ್ಟು, ಜಾರುಬಂಡಿಯ ಮೇಲೆ ಜಾರಿದ ಹಾಗೆ ಹಾಳೆಯ ಮೇಲೆ ಜಾರಿ ನೀರಿಗೆ ಬಿದ್ದಳು. ಕೆಳಗಿನಿಂದ ದಪ್ಪ ಕಪ್ಪೆಯೊಂದು, "ಅಂಜಬ್ಯಾಡ, ಕೆಳಗ ನಾ ಅದೇನಿ" ಎಂದು ಅವಳನ್ನು ಬೆನ್ನ ಮೇಲೆ ಹೊತ್ತು ಮೇಲೆ ತಂದಿತು. ಮುಂದೆ ಒಂದೂವರೆ ತಾಸು ಅವರಿಬ್ಬರ ಗೆಳೆತನ. ಕಡೆಯಲ್ಲಿ ಅರ್ಧ ನಿಮಿಷ, ದೊಡ್ಡವರಿಲ್ಲದೆ ನೀರಿಗೆ ಇಳಿಯಬೇಡಿ ಎಂದು ಬರೆದ ಹಲಗೆ.

ಪೆನ್ಸಿಲ್ ಹಿಡಿದವರಿಗೆ ಕೈ ನೋಯುತ್ತದೆ. ಆದ್ದರಿಂದ ಬೇಕಾದದ್ದನ್ನಷ್ಟೇ ಬರೆದು ಉಳಿದದ್ದನ್ನು ಬಿಡುತ್ತಾರೆ. ಕಂಪ್ಯೂಟರಿಗೆ ನೋವಿಲ್ಲ, ಬೇಸರವೂ ಇಲ್ಲ. ಅದು ನೀರಿನ ಒಂದೊಂದು ಹನಿಯನ್ನೂ ಬರೆದಿತ್ತು. ಬರೆಯಬೇಕಾಗಿದ್ದ ಒಂದನ್ನು ಮಾತ್ರ ಬಿಟ್ಟಿತ್ತು. ಆ ಹಾಳೆಯ ಮೇಲೆ ಒಂದೇ ಒಂದು ಬೆರಳಿನ ಗೆರೆ ಇರಲಿಲ್ಲ.

ದೀಪ ಹತ್ತಿತು. ಇಪ್ಪತ್ತು ಹುಡುಗ ಹುಡುಗಿಯರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

"ಏನರ ಬದ್ಲಿ ಮಾಡೂದಿದ್ರ ಹೇಳ್ರಿ ಅಕ್ಕೋರ," ಎಂದ ಗೌತಮ. "ಇನ್ನೂ ಟೈಮ್ ಐತಿ."

ಕಪ್ಪೆ ಎತ್ತಬಾರದು ಎಂದು ಹೇಳಬೇಕಾಗಿತ್ತು. ಎರಡೇ ಮಾತು. ಅವನು ಕೇಳುತ್ತಿದ್ದ, ಅದು ನನಗೆ ಗೊತ್ತು. ಆದರೆ ಅಷ್ಟು ಮಕ್ಕಳ ಒಂದು ವರ್ಷದ ದುಡಿಮೆ, ಆಳುದ್ದದ ನನ್ನ ಹೆಸರು, ಆ ನೀರು! ನನ್ನ ಕಣ್ಣೇ ಅದಕ್ಕೆ ಸೋತಿತ್ತು.

"ನೀರು ಭಾಳ ಚಂದ ಬಂದೈತಿ," ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೇಸಿಗೆಯಲ್ಲಿ ಪಿಕ್ಚರ್ ಥಿಯೇಟರಿಗೆ ಬಂತು, ಮಳೆಗಾಲದಲ್ಲಿ ಫೋನಿಗೂ ಬಂತು. ದಸರಾ ಸೂಟಿಯಲ್ಲಿ ಮಧು ಕರೆದಳೆಂದು ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಸಾಲಹಳ್ಳಿಗೆ ಹೋದೆ. ಮಧುವಿನ ಗಂಡ ಮಹಾದೇವ ಉಳ್ಳಾಗಡ್ಡಿ ಹೇರಿಕೊಂಡು ಬೆಳಗಾವಿಗೆ ಹೋಗಿದ್ದ. ಮನೆಯ ಮುಂದೆ ಎರಡು ಕಾರು ನಿಂತಿದ್ದವು. ರಾಮದುರ್ಗದ ಕಡೆಯ ಯಾರೋ ಮಂದಿ, ಮಕ್ಕಳು ಮರಿ ಕಟ್ಟಿಕೊಂಡು, ಪಿಕ್ಚರಿನ ಹೊಂಡ ನೋಡಲು ಬಂದಿದ್ದರು. ನಿಜಗುಣಪ್ಪನವರು ತಲೆಗೆ ಹೊಸ ಪಟಕ ಸುತ್ತಿಕೊಂಡು ಅವರನ್ನು ಕರೆದೊಯ್ಯುತ್ತಿದ್ದರು. ನಾನೂ ಹಿಂದೆ ನಡೆದೆ.

ಬೇಲಿ ಇರಲಿಲ್ಲ. ದಂಡೆಗೆ ಸುಣ್ಣ ಬಳಿದಿದ್ದರು. ನೀರು ಅಂಚಿನ ತನಕ ತುಂಬಿ, ಅಲ್ಲಾಡದೆ ನಿಂತಿತ್ತು. ಬಂದವರು ದಂಡೆಯಲ್ಲಿ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದರು, ಇನ್ನೊಂದು ಹೆಜ್ಜೆ ಹಿಂದೆ ಹೋಗು ಎಂದು ಕೈ ಬೀಸಿದರು. ಐಶ್ವರ್ಯಾ ನನ್ನ ಸೆರಗು ಜಗ್ಗಿದಳು.

"ಆಯಿ, ಕಪ್ಪಿ ಹಗಲೆಲ್ಲ ಮಲಗಿರ್ತೈತೇನು?"

"ಯಾವ ಕಪ್ಪಿ?"

"ಕೆಳಗಿಂದು. ನೀನs ಬರದಿದ್ದಂತಲ್ಲ, ಅವ್ವ ಹೇಳ್ಯಾಳ."

"ಕೆಳಗ ಯಾವ ಕಪ್ಪಿನೂ ಇಲ್ಲವಾ. ಆ ನೀರಾಗ ಇಳದ್ರ ಹತ್ತಾಕ ಬರಂಗಿಲ್ಲ. ಸಾಯ್ತಾರ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ದೊಡ್ಡವರು ಏನನ್ನೋ ಮುಚ್ಚಿಡುತ್ತಿದ್ದಾರೆಂದು ಗೊತ್ತಾದಾಗ ಮಕ್ಕಳು ನೋಡುವ ರೀತಿ ಅದು. "ಹೂಂ" ಎಂದಳು.

ಆ ಮಧ್ಯಾಹ್ನ ಪಕ್ಕದ ತೋಟದ ಮನೆಗಳ ನಾಲ್ಕು ಹುಡುಗಿಯರು ಆಡಲು ಬಂದರು. ಅವರೆಲ್ಲ ಜೋಳದ ಕಣಿಕೆಯ ಬಣವೆ ಹತ್ತಿ ಜಾರಿ ಬೀಳುವುದು, ಕೆಳಗೆ ಒಬ್ಬಳು ಕವುಚಿ ಮಲಗಿ ದಪ್ಪ ದನಿಯಲ್ಲಿ "ಅಂಜಬ್ಯಾಡ, ಕೆಳಗ ನಾ ಅದೇನಿ" ಎನ್ನುವುದು. ಜಾರುವ ಮೊದಲು ಪ್ರತಿಯೊಬ್ಬಳೂ ಚಪ್ಪಲಿ ಬಿಡುತ್ತಿದ್ದಳು. ಪಿಕ್ಚರಿನ ಹುಡುಗಿ ಬಿಟ್ಟ ಹಾಗೆಯೇ, ಜೋಡಿಸಿ. ನಾನು ಪಡಸಾಲೆಯಲ್ಲಿ ಕುಳಿತು ಅದನ್ನು ನೋಡುತ್ತಿದ್ದೆ. ನನಗೆ ಅಂಜಿಕೆ ಶುರುವಾದದ್ದು ಆಗ.

ಮಕ್ಕಳನ್ನು ಒಳಗೆ ಕರೆದೆ. ನನ್ನ ಹಳೆಯ ಪಿಕ್ಚರ್ ಪೆನ್‌ಡ್ರೈವಿನಲ್ಲಿ ಯಾವಾಗಲೂ ಚೀಲದಲ್ಲಿರುತ್ತದೆ. ಮಧು ಅದನ್ನು ಟೀವಿಗೆ ಹಚ್ಚಿದಳು. ಏಳು ವರ್ಷ ಊರೂರು ತಿರುಗಿಸಿದ್ದೇನೆ, ಒಂದು ಮಗುವೂ ಆ ನೀರಿನ ಮುಂದೆ ಗಟ್ಟಿಯಾಗಿ ಕುಳಿತದ್ದಿಲ್ಲ. ಇವರೂ ಹಿಂದೆ ಸರಿಯುತ್ತಾರೆ, ಸರಿದರೆ ಸಾಕು ಎಂದುಕೊಂಡೆ.

ನೀರು ಬಂತು, ನಡುಗಿತು. ಐದೂ ಹುಡುಗಿಯರು ಕುಂತಲ್ಲೇ ಕುಂತಿದ್ದರು.

"ಟೀವಿ ಕೆಟ್ಟೈತಿ," ಎಂದಳು ಒಬ್ಬಳು.

"ಕೆಟ್ಟಿಲ್ಲವಾ, ಅದು ಹಂಗs ಬರದದ್ದು. ನೋಡು, ಆಕಿ ಹ್ಯಾಂಗ ಜಾರತಾಳ."

ಹುಡುಗಿ ಜಾರಿದಳು. ಅವಳ ಬೆರಳುಗಳು ಹಾಳೆಯ ಮೇಲೆ ನಾಲ್ಕು ಗೆರೆ ಎಳೆದವು. ಬೀರವ್ವನ ಗೆರೆಗಳು ಅವು. ಮಕ್ಕಳು ನಕ್ಕರು. ಕೆಟ್ಟ ನಗುವೇನಲ್ಲ, ತಮಾಷೆ ಕಂಡಾಗ ನಗುವ ನಗು. ಕೈ ಕಾಲು ಕಡ್ಡಿಯಾಗಿವೆ ಎಂದಳು ಒಬ್ಬಳು. ಐಶ್ವರ್ಯಾಗೆ ನನ್ನ ಮೇಲೆ ಕನಿಕರ ಬಂದಿರಬೇಕು, ಹತ್ತಿರ ಬಂದು ನನ್ನ ಕೈ ಹಿಡಿದಳು.

"ಇದು ಖರೇ ನೀರಲ್ಲ ಆಯಿ. ಖರೇ ನೀರು ನಮ್ಮ ಹೊಂಡದಾಗ ಐತಿ. ಅದಕ್ಕ ಬಣ್ಣ ಐತಿ."

ಟೀವಿ ಆರಿಸಿದೆ. ನಾನು ಬರೆದ ಎಂಟು ಸಾವಿರ ಹಾಳೆಗಳು ಇನ್ನು ಯಾವ ಮಗುವನ್ನೂ ಹಿಂದೆ ಸರಿಸುವುದಿಲ್ಲ ಎಂಬುದು ಒಂದೇ ಏಟಿಗೆ ತಿಳಿಯಿತು. ಉಳಿದದ್ದು ಮುಳ್ಳು ಮಾತ್ರ.

ಮರುದಿನ ಬೆಳಿಗ್ಗೆ ನಾಷ್ಟಾ ಆದ ಮೇಲೆ ನಿಜಗುಣಪ್ಪನವರನ್ನು ಪಡಸಾಲೆಯಲ್ಲಿ ಹಿಡಿದೆ. ಐಶ್ವರ್ಯಾ ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ತೂಗಿಕೊಳ್ಳುತ್ತಿದ್ದಳು.

"ಬೀಗರ, ಇವತ್ತ ಬೇಲಿ ಹಾಕಬೇಕರಿ."

"ನಾಡದು ಹಾಕೂಣ್ರಿ ಅಕ್ಕೋರ. ನಾಳೆ ಕಿತ್ತೂರ ಕಡಿಂದ ಮಂದಿ ಬರಾವರಿದ್ದಾರ. ಅಷ್ಟ ದೂರದಿಂದ ಬಂದಾವರಿಗೆ ಮುಳ್ಳು ತೋರಸ್ಲೇನು?"

"ಮಂದಿ ಹಾಳಾಗ್ಲಿ. ಮನ್ಯಾಗ ಕೂಸು ಐತಿ."

"ಕೂಸಿಗೆ ತಿಳಿವಳಿಕಿ ಹೇಳೇವರಿ. ಮತ್ತ ಪಿಕ್ಚರಿನಾಗ ಬೋರ್ಡೂ ತೋರಿಸ್ಯಾರಲ್ಲ, ದೊಡ್ಡವರಿಲ್ಲದs ಇಳೀಬ್ಯಾಡ್ರಿ ಅಂತ. ನಿಮ್ಮ ಪಿಕ್ಚರ್ ನಿಮಗs ನಂಬಿಗಿ ಇಲ್ಲೇನ್ರಿ?"

ಆಗ ನನ್ನ ಸಿಟ್ಟು ಬಂತು. ಹುಬ್ಬಳ್ಳಿಯ ಆ ತಂಪು ಕೋಣೆಯಲ್ಲಿ ಬರಬೇಕಾಗಿದ್ದ ಸಿಟ್ಟೆಲ್ಲ ಈಗ, ಬೀಗರ ಪಡಸಾಲೆಯಲ್ಲಿ ಬಂತು. ನಿಮಗೆ ಮೊಮ್ಮಗಳಿಗಿಂತ ಪಟಕ ಹೆಚ್ಚಾಯಿತೇ ಎಂದೆ. ಆಡಬಾರದ ಮಾತು. ಅವರ ಮುಖ ಕೆಂಪಗಾಯಿತು. ಹೆಣ್ಣು ಕೊಟ್ಟವರು ಅಂತ ಸುಮ್ಮನಿದ್ದೇನೆ ಎಂದರು. ಮಧು ಹಿಟ್ಟಿನ ಕೈಯಲ್ಲೇ ಓಡಿ ಬಂದು, "ದೊಡ್ಡವ್ವ, ಬಿಡ. ಮಾವಾರ, ನೀವರ ಸುಮ್ಮನಾಗ್ರಿ" ಎಂದು ನಡುವೆ ನಿಂತಳು. ಮೂವರೂ ಒಟ್ಟಿಗೆ ಮಾತಾಡುತ್ತಿದ್ದೆವು. ಎಷ್ಟು ಹೊತ್ತು ಎಂದು ಹೇಳಲಾರೆ. ಮಾತಿನ ನಡುವೆ ಜೋಕಾಲಿಯ ಕಿರ್ ಕಿರ್ ಯಾವಾಗಲೋ ನಿಂತುಹೋಗಿದ್ದು ನನ್ನ ಲಕ್ಷ್ಯಕ್ಕೆ ಬಂತು.

ಜೋಕಾಲಿ ಖಾಲಿಯಾಗಿ ಅಲ್ಲಾಡದೆ ಇಳಿಬಿದ್ದಿತ್ತು.

"ಐಶ್ವರ್ಯಾ ಎಲ್ಲಿ?" ಎಂದೆ. ಯಾರ ಉತ್ತರಕ್ಕೂ ಕಾಯದೆ ಓಡಿದೆ. ಅರವತ್ತೊಂದರ ಮೊಣಕಾಲು, ಆದರೂ ಮೊದಲು ಮುಟ್ಟಿದವಳು ನಾನೇ.

ದಂಡೆಯ ಸುಣ್ಣದ ಗೆರೆಯ ಮೇಲೆ ಎರಡು ಸಣ್ಣ ಚಪ್ಪಲಿಗಳಿದ್ದವು, ಜೋಡಿಸಿಟ್ಟು, ನೀರಿಗೆ ಮುಖ ಮಾಡಿ. ನೀರಿನ ಮೇಲೆ ಹಳದಿ ಫ್ರಾಕು ಉಬ್ಬಿ ನಿಂತಿತ್ತು. ಕೂಗಿಲ್ಲ, ಕೈ ಬಡಿಯುವ ಸದ್ದಿಲ್ಲ. ಬೆಳಗಿನ ಬಿಸಿಲು ನೀರಿನ ಮೇಲೆ ಚೂರು ಚೂರಾಗಿ ಆಡುತ್ತಿತ್ತು. ಥೇಟು ಪಿಕ್ಚರಿನ ನೀರು.

ಇಳಿದರೆ ಹತ್ತಲಾಗುವುದಿಲ್ಲವೆಂದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಸೀರೆ ಬಿಚ್ಚಿದೆ. ಇಪ್ಪತ್ತೆಂಟು ವರ್ಷ ಸೆರಗು ಜಾರದಂತೆ ಪಿನ್ನು ಹಚ್ಚಿದ ಮೇಡಮ್ಮು ನಾನು, ಹಗಲು ಹೊತ್ತಿನಲ್ಲಿ ಬಯಲಿನಲ್ಲಿ ಸೀರೆ ಬಿಚ್ಚಿ, ಅದರ ಒಂದು ತುದಿಯನ್ನು ದಂಡೆಯಲ್ಲಿದ್ದ ಪಂಪಿನ ಕಬ್ಬಿಣದ ಪೈಪಿಗೆ ಬಿಗಿದು, ಇನ್ನೊಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡು ಜಾರಿದೆ. ಹಾಳೆ ಕಾಲಡಿ ಇದೆಯೋ ಇಲ್ಲವೋ ಎಂಬಂತೆ ಸರಿಯಿತು. ನೀರು ಎದೆಗೆ ಬಂದಾಗ ಉಸಿರು ನಿಂತಂತಾಯಿತು. ಕಣ್ಣು ಮುಚ್ಚಿ ಮುಳುಗಿದೆ, ಕೈಗೆ ಫ್ರಾಕು ಸಿಕ್ಕಿತು, ಜಗ್ಗಿದೆ. ಮಗು ಕಲ್ಲಿನಷ್ಟು ಭಾರವಾಗಿತ್ತು. ಅವಳ ಕೆಳಗೆ ಹೊಕ್ಕು ಹೆಗಲ ಮೇಲೆ ಎತ್ತಿ ಹಿಡಿದೆ. ನನ್ನ ಮೂಗು ಒಮ್ಮೆ ನೀರಿನ ಮೇಲೆ, ಒಮ್ಮೆ ಕೆಳಗೆ. ಸೀರೆ ನೆನೆದು ಹಗ್ಗದಂತೆ ಬಿಗಿದು ಮುಂಗೈ ಕತ್ತರಿಸುತ್ತಿತ್ತು. ಹಾಳೆಗೆ ಬೆರಳು ಊರಲು ನೋಡಿದೆ. ಬೆರಳು ಕೆಳಗೇ ಜಾರಿದವು, ಮತ್ತೆ ಊರಿದೆ, ಮತ್ತೆ ಜಾರಿದವು. ನಾನು ಸಾಯುತ್ತೇನೆಂದು ಅನಿಸಲಿಲ್ಲ. ಇವಳೂ ಹೋದಳು, ಇವಳನ್ನೂ ನಾನೇ ಕಳಿಸಿದೆ ಎಂದಷ್ಟೇ ಅನಿಸಿತು.

ಆಮೇಲೆ ಮೇಲಿನಿಂದ ಸೀರೆ ಜಗ್ಗಿತು. ಮಧು ಮತ್ತು ನಿಜಗುಣಪ್ಪ ದಂಡೆಯಲ್ಲಿ ಮೊಣಕಾಲೂರಿ ಎಳೆಯುತ್ತಿದ್ದರು. ಮೊದಲು ಮಗುವನ್ನು ತೆಗೆದುಕೊಂಡರು. ನನ್ನನ್ನು ಎಳೆಯುವಷ್ಟರಲ್ಲಿ ಅತ್ತ ಹುಡುಗಿ ನೀರು ಕಾರಿ ಅಳಲು ಶುರುಮಾಡಿದ್ದಳು. ಆ ಅಳುವಿನಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ. ಮಧು ತನ್ನ ಓಢಣಿ ತೆಗೆದು ನನಗೆ ಹೊದಿಸಿದಳು. ನಿಜಗುಣಪ್ಪನವರು ಪಟಕ ಎಲ್ಲೋ ಬಿದ್ದುಹೋಗಿ ಬೋಳುತಲೆಯಲ್ಲಿ ಕುಳಿತಿದ್ದರು.

ರಾಮದುರ್ಗದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಏನೂ ಭಯವಿಲ್ಲ ಎಂದರು. ಅಲ್ಲಿಂದಲೇ ನಾನು ಗೌತಮನಿಗೆ ಫೋನು ಮಾಡಿದೆ. ಅವನು ಅತ್ತುಬಿಟ್ಟ. ಪಿಕ್ಚರನ್ನು ಇವತ್ತೇ ತೆಗೆಸುತ್ತೇನೆ ಎಂದ. ಆದರೆ ಮಂದಿ ತಮ್ಮ ತಮ್ಮ ಫೋನಿಗೆ ಇಳಿಸಿಕೊಂಡದ್ದನ್ನು, ಒಬ್ಬರಿಗೊಬ್ಬರು ಕಳಿಸಿದ್ದನ್ನು ತೆಗೆಯುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಮನೆಗೆ ಬಂದೆವು. ನಿಜಗುಣಪ್ಪನವರು ಯಾರನ್ನೂ ಕರೆಯದೆ, ಬರಿಗೈಯಲ್ಲಿ ಜಾಲಿಮುಳ್ಳು ಎಳೆದು ತಂದು ಹೊಂಡದ ಸುತ್ತ ಹಾಕುತ್ತಿದ್ದರು. ಅಂಗೈ ತುಂಬ ರಕ್ತ. ಮೂರು ಬದಿ ಮುಗಿದು ನಾಲ್ಕನೆಯ ಬದಿ ಸಾಗಿತ್ತು. ಅದನ್ನು ನೋಡಿದ ಮೇಲೆಯೇ ನಾನು ಒಳಗೆ ಹೋಗಿ ಚಹಾಕ್ಕಿಟ್ಟೆ. ಇನ್ನು ಈ ಹುಡುಗಿ ಉಳಿದಳು ಎಂದುಕೊಂಡು ಚಹಾ ಹಿಡಿದು ಹೊರಗೆ ಬಂದೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಐಶ್ವರ್ಯಾ ದುಪ್ಪಡಿ ಹೊದ್ದು ಕುಳಿತಿದ್ದಳು. ಪಕ್ಕದ ತೋಟಗಳ ನಾಲ್ಕು ಹುಡುಗಿಯರು ಅವಳ ಸುತ್ತ ಕುಳಿತು ಬಾಯಿ ತೆರೆದು ಕೇಳುತ್ತಿದ್ದರು.

"ಮೊದಲ ಅಂಜಿಕಿ ಬರತೈತಿ," ಎನ್ನುತ್ತಿದ್ದಳು. "ಮೂಗಿನಾಗ ನೀರು ಹೋಗತೈತಿ. ಆಮ್ಯಾಲ ಅದು ಕೆಳಗಿಂದ ಬಂದು ಎತ್ತತೈತಿ. ಖರೇನ."

ನಾನು ಚಹಾ ಕೆಳಗಿಟ್ಟೆ. "ಐಶೂ, ಎತ್ತಿದ್ದು ನಾನವಾ. ಕಪ್ಪಿ ಅಲ್ಲ."

"ನೀ ಆಮ್ಯಾಲ ಬಂದಿ ಆಯಿ. ಮೊದಲ ಅದು ಎತ್ತಿತ್ತು." ಅವಳ ದನಿಯಲ್ಲಿ ಹಟವಿರಲಿಲ್ಲ, ತಿಳಿಯದವರಿಗೆ ತಿಳಿಸಿ ಹೇಳುವ ಸಮಾಧಾನವಿತ್ತು. "ನೀ ಕಣ್ಣ ಮುಚ್ಚಿದ್ದಿ. ನಿನಗ ಕಾಣಲಿಲ್ಲ."

ಕಣ್ಣು ಮುಚ್ಚಿದ್ದು ನಿಜ. ಅಷ್ಟರಲ್ಲಿ ಎಲ್ಲರಿಗಿಂತ ಸಣ್ಣ ಹುಡುಗಿ, ಕೆನ್ನೆಗೆ ಕೈ ಹಚ್ಚಿ ಕುಳಿತವಳು, ಕೇಳಿದಳು.

"ನಮ್ಮ ಹೊಂಡದಾಗೂ ಇರತೈತೇನು?"

ಐಶ್ವರ್ಯಾ ದುಪ್ಪಡಿ ಸರಿಸಿ ಅವಳ ಕಡೆ ತಿರುಗಿದಳು.

"ಎಲ್ಲಾ ಹೊಂಡದಾಗೂ ಇರತೈತಿ," ಎಂದಳು.

ಸುಳ್ಳು, ಸುಳ್ಳು ಎಂದು ನಾನು ಒದರಿದೆ. ಮಕ್ಕಳು ಗಾಬರಿಯಾಗಿ ಎದ್ದು ನಿಂತರು. ಅವರಿಗೆ ಗಾಬರಿಯಾದದ್ದು ನೀರಿಗಲ್ಲ, ನನಗೆ. ಒಬ್ಬೊಬ್ಬರೇ ಕಟ್ಟೆ ಇಳಿದು, ಚಪ್ಪಲಿ ಮೆಟ್ಟಿ, ತಮ್ಮ ತಮ್ಮ ಮನೆಯ ದಾರಿ ಹಿಡಿದರು. ನಾಲ್ಕು ಮಕ್ಕಳು, ನಾಲ್ಕು ದಾರಿ. ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ನಾನು ಅಂಗಳದಲ್ಲೇ ನಿಂತೆ.